ಮೂವತ್ತಕ್ಕೆ ಇಪ್ಪತ್ತು ಸೇರಿಸಿದರೆ ನಲವತ್ಮೂರು: ಒಬ್ಬ ಟೈಲರಣ್ಣನ ಅಂಗವೈಕಲ್ಯ ಪಿಂಚಣಿ ಪ್ರಕರಣ

ಪಿಂಚಣಿ ವಿಚಾರಕ್ಕೆ ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು "ಎಷ್ಟು ದುಡ್ಡು ಬರುತ್ತೆ?" ಅಂತ. ಈ ಟೈಲರಣ್ಣ ಕೇಳಿದ್ದೇ ಬೇರೆ. "ನಂದು ಎರಡು ಸಲ ಬರಲ್ಲ ಅಂದವ್ರೆ. ಮೂರನೇ ಸಲ ಕೇಳಬಹುದಾ?"

ಕೇಳಬಹುದಿತ್ತು. ನಿಜ ಹೇಳಬೇಕು ಅಂದ್ರೆ, ಹಿಂದಿನ ಎರಡು ಸಲ ಅವರು ಲೆಕ್ಕಕ್ಕೆ ಸಿಗುವ ಹಾಗೆ ಕೇಳಿಯೇ ಇರಲಿಲ್ಲ. ಗುರುತು ಸಿಗಬಾರದು ಅಂತ ಅವರ ಹೆಸರು, ಊರು ಎರಡನ್ನೂ ಬಿಟ್ಟು ಬರೆಯುತ್ತಿದ್ದೇನೆ.

ಹಿನ್ನೆಲೆ ಇಷ್ಟು. ವಯಸ್ಸು ನಲವತ್ತು ದಾಟಿದೆ. ಹೋಬಳಿ ಕೇಂದ್ರದಲ್ಲಿ ಸಣ್ಣ ಟೈಲರ್ ಅಂಗಡಿ, ಮನೆ ಪಕ್ಕದ ಹಳ್ಳಿಯಲ್ಲಿ. ಚಿಕ್ಕವರಿದ್ದಾಗ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು ಎಡಗಣ್ಣಿನ ದೃಷ್ಟಿ ಪೂರ್ತಿ ಹೋಯಿತು. ಬಲಗಣ್ಣು ಚೆನ್ನಾಗಿದೆ. ಅದೊಂದರಲ್ಲೇ ಕಸುಬು ಕಲಿತು, ಮದುವೆಯಾಗಿ, ಮಗಳನ್ನು ಪಿಯುಸಿವರೆಗೆ ತಂದರು. ಆಮೇಲೆ ಒಂದು ಮಳೆಗಾಲದಲ್ಲಿ ಬೈಕ್ ಜಾರಿ ಬಲಗಾಲು ಮುರಿಯಿತು. ಮೊಣಕಾಲಿನ ಕೀಲಿಗೇ ಪೆಟ್ಟು. ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಕೂಡಿತು, ಆದರೆ ಮೊಣಕಾಲು ಮೊದಲಿನ ಹಾಗೆ ಮಡಚಲಿಲ್ಲ. ಕಾಲು ಸ್ವಲ್ಪ ಗಿಡ್ಡವೂ ಆಯಿತು. ಅವರದು ಕಾಲಲ್ಲಿ ತುಳಿಯುವ ಮಿಷನ್. ತುಳಿಯೋಕೆ ಕಾಲು ಬೇಕು, ಸೂಜಿಗೆ ದಾರ ಪೋಣಿಸೋಕೆ ಕಣ್ಣು ಬೇಕು.

ಎರಡು "ಬರಲ್ಲ"

ಮೊದಲನೆಯದು ಕಾಲು ಮುರಿಯುವುದಕ್ಕೆ ಎಷ್ಟೋ ವರ್ಷ ಮೊದಲು, ಒಂದು ತಪಾಸಣಾ ಶಿಬಿರದಲ್ಲಿ. ಕಣ್ಣು ನೋಡಿದ ವೈದ್ಯರು "ಒಂದು ಕಣ್ಣು ಚೆನ್ನಾಗಿದೆಯಲ್ಲ, ನಿಮಗೆ ಬರೋದು ಶೇ 30. ಪಿಂಚಣಿಗೆ 40 ಬೇಕು, ಬರಲ್ಲ" ಅಂದರು. ವೈದ್ಯರು ಹೇಳಿದ ಲೆಕ್ಕದಲ್ಲಿ ತಪ್ಪಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಕೋಷ್ಟಕದಲ್ಲಿ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೆ ಶೇ 30 ಅಂತಲೇ ಇದೆ. ಆದರೆ ಆ 30 ಯಾವ ಕಾಗದದ ಮೇಲೂ ಬರಲಿಲ್ಲ. ಬಾಯಿಮಾತಲ್ಲೇ ಮುಗಿಯಿತು.

ಎರಡನೆಯದು ಕಾಲು ಮುರಿದ ಮೇಲೆ. ಮೂಳೆ ವೈದ್ಯರು ಕಾಲು ನೋಡಿ ಒಪಿಡಿ ಚೀಟಿಯ ಮೂಲೆಯಲ್ಲಿ "20%" ಅಂತ ಗೀಚಿ, "ಇದಕ್ಕೆ ಏನೂ ಸಿಗಲ್ಲ, ಸುಮ್ನೆ ಓಡಾಡಬೇಡಿ" ಅಂದರು. ಕಣ್ಣಿನ ವಿಚಾರ ಅವರು ಕೇಳಲಿಲ್ಲ, ಇವರೂ ಹೇಳಲಿಲ್ಲ. ಕಾಲಿನ ಡಾಕ್ಟರ ಹತ್ತಿರ ಕಣ್ಣಿನ ಮಾತು ಯಾಕೆ ಅಂತ ಇವರ ಯೋಚನೆ. ಯಾರಿಗೇ ಆದರೂ ಹಾಗೇ ಅನ್ನಿಸುತ್ತೆ, ಅಲ್ವಾ?

ಕೌಂಟರ್‌ನಲ್ಲೋ ಶಿಬಿರದಲ್ಲೋ ಬಾಯಲ್ಲಿ ಹೇಳುವ "ಬರಲ್ಲ" ಕಾನೂನಿನ ಪ್ರಕಾರ ತೀರ್ಮಾನವೇ ಅಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಅಡಿಯ ನಿಯಮಗಳಂತೆ, ಪ್ರಮಾಣಪತ್ರ ಕೊಡಲು ಆಗದಿದ್ದರೆ ಕಾರಣ ಬರೆದು ತಿಳಿಸಬೇಕು. ಹಾಗೆ ಬರೆದುಕೊಟ್ಟರೆ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು. ಟೈಲರಣ್ಣನ ಕೈಯಲ್ಲಿ ಮೇಲ್ಮನವಿಗೆ ಕಾಗದವೂ ಇರಲಿಲ್ಲ. ಯಾಕೆಂದರೆ ಅರ್ಜಿಯೇ ಆಗಿರಲಿಲ್ಲ.

40 ಅನ್ನೋ ಗೆರೆ

ಈ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಹಳೆಯ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21 ಇವೆ. ಕುಬ್ಜತೆ, ಆಸಿಡ್ ದಾಳಿಗೆ ತುತ್ತಾದವರು, ಪಾರ್ಕಿನ್ಸನ್, ಹಿಮೋಫಿಲಿಯಾ, ತಲಸ್ಸೀಮಿಯಾ ಎಲ್ಲ ಹೊಸದಾಗಿ ಸೇರಿದಂಥವು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೌಲಭ್ಯ ಸಿಗುವುದಿಲ್ಲ. ಮೀಸಲಾತಿ, ಪಿಂಚಣಿ, ಬಸ್ ಪಾಸ್ ಇಂಥ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಇರಬೇಕು.

ಜನ ಇಲ್ಲಿ ಎರಡನ್ನು ಕಲಸಿಬಿಡುತ್ತಾರೆ. ಶೇ 40 ಬೇಕಿರುವುದು ಸೌಲಭ್ಯಕ್ಕೆ. ಪ್ರಮಾಣಪತ್ರಕ್ಕಲ್ಲ. 40ಕ್ಕಿಂತ ಕಡಿಮೆ ಇದ್ದವರಿಗೂ ಪ್ರಮಾಣಪತ್ರ ಕೊಡಬಹುದು. 2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿದ ಮೇಲೆ ಇದು ಇನ್ನೂ ಸ್ಪಷ್ಟವಾಗಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿಗೆ, ಈಗ ಮೂರು ಬಣ್ಣ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ಬಿಳಿ ಕಾರ್ಡಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ಈ ಪ್ರಕರಣವೇ ಉತ್ತರ. ಆ ಶಿಬಿರದಲ್ಲಿ ಹೇಳಿದ 30 ಕಾಗದದ ಮೇಲೆ ಬಂದಿದ್ದರೆ, ಕಾಲು ಮುರಿದಾಗ ಮೂಳೆ ವೈದ್ಯರ ಮುಂದೆ ಅದು ತಾನಾಗಿ ಬರುತ್ತಿತ್ತು. ಚಿಕ್ಕ ಶೇಕಡಾ ಅಂತ ಬಿಟ್ಟರೆ ಮುಂದೆ ಅದರ ಮೇಲೆ ಕೂಡಿಸೋಕೆ ಏನೂ ಇರುವುದಿಲ್ಲ.

ಇನ್ನೊಂದು ಮಾತು. ಈ ಅಳತೆಗೆ ನೋವು, ಬಡತನ, ಕಸುಬು ಯಾವುದೂ ಲೆಕ್ಕವಿಲ್ಲ. ಒಂದು ಕಣ್ಣಿಲ್ಲದ ಟೈಲರಿಗೂ, ಒಂದು ಕಣ್ಣಿಲ್ಲದ ಮಂಡಿ ವ್ಯಾಪಾರಿಗೂ ಅದೇ 30. ನನಗೆ ಇದು ಸರಿ ಅನ್ನಿಸುವುದಿಲ್ಲ. ಆದರೆ ಅರ್ಜಿ ಹಾಕುವವರು ಕೋಷ್ಟಕ ಇರುವ ಹಾಗೆಯೇ ಅದನ್ನು ಎದುರಿಸಬೇಕು. ವೈದ್ಯರ ಮುಂದೆ "ಮನೇಲಿ ತುಂಬಾ ಕಷ್ಟ" ಅಂತ ಅತ್ತರೆ ಶೇಕಡಾ ಏರುವುದಿಲ್ಲ. ಹಳೆಯ ಎಕ್ಸ್‌ರೇ ತೋರಿಸಿದರೆ ಉಪಯೋಗ ಇದೆ.

ಲೆಕ್ಕ

ಟೈಲರಣ್ಣನ ಲೆಕ್ಕ ನೇರವಾಗಿತ್ತು. 30ಕ್ಕೆ 20 ಸೇರಿಸಿದರೆ 50. ಹಾಗಲ್ಲ. ಎರಡು ಬೇರೆ ಬೇರೆ ವೈಕಲ್ಯ ಇದ್ದಾಗ ಕೂಡಿಸಲು ಮಾರ್ಗಸೂಚಿಯಲ್ಲಿ ಒಂದು ಸೂತ್ರ ಇದೆ. ದೊಡ್ಡ ಸಂಖ್ಯೆ ಹಾಗೇ ಇರುತ್ತದೆ. 90ರಲ್ಲಿ ಅದನ್ನು ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು.

ಇವರದು: 90ರಲ್ಲಿ 30 ಕಳೆದರೆ 60. ಅದನ್ನು 20ರಿಂದ ಗುಣಿಸಿದರೆ 1,200. 90ರಿಂದ ಭಾಗಿಸಿದರೆ 13.33. ಅದಕ್ಕೆ 30 ಸೇರಿಸಿದರೆ 43.33. ಅಂದರೆ ಶೇ 43.

ಲೆಕ್ಕ ಬರೆದು ತೋರಿಸಿದಾಗ ಅವರು ಸ್ವಲ್ಪ ಹೊತ್ತು ನೋಡಿ, "ಓ, ಉಳಿದ ಬಟ್ಟೇಲಿ ಎರಡನೇದು ಕತ್ತರಿಸಿದ ಹಾಗೆ" ಅಂದರು. ಅದಕ್ಕಿಂತ ಚೆನ್ನಾಗಿ ಹೇಳೋಕೆ ನನಗಂತೂ ಬರಲ್ಲ.

ಗೆರೆ ಎಷ್ಟು ಸಣ್ಣದು ನೋಡಿ. ಇವರ ಕಾಲಿಗೆ 15 ಬಂದಿದ್ದರೂ ಸರಿಯಾಗಿ 40 ಆಗುತ್ತಿತ್ತು. 14 ಬಂದಿದ್ದರೆ 39.33. ಕಾಲಲ್ಲಿ ಒಂದೇ ಒಂದು ಅಂಕ ಕಡಿಮೆಯಾದರೆ ತಿಂಗಳ ಪಿಂಚಣಿಯೇ ಇಲ್ಲ. ಆದ್ದರಿಂದಲೇ ಅಳತೆಯ ದಿನ ಗಡಿಬಿಡಿ ಮಾಡಬಾರದು.

ಅರ್ಜಿ ಮತ್ತು ಅಳತೆ

ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಈ ಕೆಲಸದಲ್ಲಿ ಜೊತೆಗೆ ನಿಂತರು. ಈ ಹುದ್ದೆಯಲ್ಲಿ ಇರುವವರೂ ಅಂಗವಿಕಲರೇ. ತಾಲ್ಲೂಕು ಪಂಚಾಯಿತಿಯಲ್ಲಿ ಇವರ ಮೇಲೆ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ. ಪಂಚಾಯಿತಿಯಲ್ಲಿ ಇಂಥವರೊಬ್ಬರು ಇದ್ದಾರೆ ಅನ್ನೋದೇ ಎಷ್ಟೋ ಮನೆಗೆ ಗೊತ್ತಿಲ್ಲ. ಟೈಲರಣ್ಣನಿಗೂ ಗೊತ್ತಿರಲಿಲ್ಲ, ಅವರ ಶರ್ಟು ಹೊಲಿದಿದ್ದರೂ.

2021ರ ಜೂನ್ 1ರಿಂದ ಪ್ರಮಾಣಪತ್ರ ಯುಡಿಐಡಿ ಪೋರ್ಟಲ್ ಮೂಲಕವೇ ಆಗಬೇಕು. ಫೋನಲ್ಲೂ ಅರ್ಜಿ ಹಾಕಬಹುದು, ಇವರು ಸೈಬರ್ ಸೆಂಟರಲ್ಲಿ ಹಾಕಿಸಿದರು. ಆಧಾರ್, ಫೋಟೋ, ವಿಳಾಸದ ದಾಖಲೆ, ಚಿಕಿತ್ಸೆಯ ಕಾಗದಗಳು ಬೇಕು. ವಾಸವಿರುವ ಜಿಲ್ಲೆಯ ಆಸ್ಪತ್ರೆಯನ್ನು ಆರಿಸಬಹುದು, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯನ್ನೂ ಆರಿಸಬಹುದು. ಮುಖ್ಯವಾದ ಜಾಗ ಒಂದೇ: ವೈಕಲ್ಯದ ವಿಧ. ಸೈಬರ್ ಹುಡುಗ ಕುಂಟುತ್ತಾ ಬಂದವರನ್ನು ನೋಡಿ ಚಲನ ವೈಕಲ್ಯ ಅಂತ ಒಂದನ್ನೇ ಗುರುತು ಮಾಡಲು ಹೊರಟಿದ್ದ. ಅದನ್ನು ತಡೆದು ದೃಷ್ಟಿಯನ್ನೂ ಸೇರಿಸಿದರು. ಹೆಸರು ಆಧಾರಿನಲ್ಲಿ ಇರುವ ಹಾಗೇ, ಇನಿಷಿಯಲ್ ಸಮೇತ, ಅಕ್ಷರ ಅಕ್ಷರ ಹೊಂದಬೇಕು. ಕೊನೆಯಲ್ಲಿ ಬಂದ ನೋಂದಣಿ ಸಂಖ್ಯೆಯನ್ನು ಅವರು ಅಳತೆ ಪುಸ್ತಕದಲ್ಲೇ ಬರೆದಿಟ್ಟುಕೊಂಡರು.

ಯಾವಾಗ ಹೋಗಬೇಕು ಅನ್ನೋದೂ ಮುಖ್ಯ. ಮುರಿತವಾದ ಎರಡನೇ ತಿಂಗಳಲ್ಲಿ ಹೋದರೆ "ಇನ್ನೂ ಸರಿ ಹೋಗಬಹುದು" ಅಂತ ವಾಪಸ್ ಕಳಿಸುತ್ತಾರೆ. ಇಲ್ಲವೇ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಪಾರ್ಶ್ವವಾಯುವಿನಂಥ ನರದ ಕಾಯಿಲೆಯಲ್ಲಿ ಸಾಮಾನ್ಯವಾಗಿ ಆರು ತಿಂಗಳ ಮೇಲೆಯೇ ಅಳೆಯುವುದು. ಟೈಲರಣ್ಣನ ಕಾಲಿನ ಚಿಕಿತ್ಸೆ, ಫಿಸಿಯೋಥೆರಪಿ ಎಲ್ಲ ಮುಗಿದಿತ್ತು. ಹಾಗಾಗಿ ಆ ತೊಡಕು ಇರಲಿಲ್ಲ.

ಆಸ್ಪತ್ರೆಯಲ್ಲಿ ಅಳತೆ ಹೇಗೆ ಮಾಡುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಮೊಣಕಾಲಿನ ಪಕ್ಕಕ್ಕೆ ಕೋನಮಾಪಕದಂಥ ಉಪಕರಣ ಹಿಡಿದು, ಎಷ್ಟು ಡಿಗ್ರಿ ಮಡಚುತ್ತೆ, ಎಷ್ಟು ನೀಳವಾಗುತ್ತೆ ನೋಡಿದರು. ತೊಡೆಯ ಸ್ನಾಯುವಿನ ಬಲ ನೋಡಲು ಕೈಯಿಂದ ಒತ್ತಿ "ಈಗ ಎತ್ತಿ" ಅಂದರು. ಆಮೇಲೆ ಟೇಪು. ಸೊಂಟದ ಮೂಳೆಯಿಂದ ಪಾದದ ಗೆಣ್ಣಿನವರೆಗೆ ಎರಡೂ ಕಾಲು. ಟೇಪು ಹಿಡಿದದ್ದು ಸ್ವಲ್ಪ ಸಡಿಲ ಅನ್ನಿಸಿ ಟೈಲರಣ್ಣನ ಕೈ ತಾನಾಗಿಯೇ ಟೇಪಿನ ತುದಿಗೆ ಹೋಯಿತು. ವೈದ್ಯರು ನಕ್ಕು, ಇನ್ನೊಂದು ಸಲ ಅಳೆದರು. ಗಿಡ್ಡವಾಗಿದ್ದರಲ್ಲಿ ಮೊದಲ ಅರ್ಧ ಇಂಚಿಗೆ ಅಂಕವಿಲ್ಲ, ಆಮೇಲಿನ ಪ್ರತಿ ಅರ್ಧ ಇಂಚಿಗೆ 4. ನಿಂತುಕೊಳ್ಳೋದು, ನಡೆಯೋದು, ಮೆಟ್ಟಿಲು ಹತ್ತೋದು ಬೇರೆಯಾಗಿ ಸೇರುತ್ತದೆ. ಇಲ್ಲಿ ಜಾಸ್ತಿ ಕುಂಟಿ ತೋರಿಸುವ ನಾಟಕ ಬೇಡ. ನೋಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಆಮೇಲೆ ನಿಜವಾದ ನೋವನ್ನೂ ನಂಬುವುದಿಲ್ಲ. ಹಾಗಂತ ಸಂಕೋಚಪಟ್ಟು ಹಲ್ಲುಕಚ್ಚಿ ಪೂರ್ತಿ ಮಡಿಸುವುದೂ ಬೇಡ. ಎಷ್ಟು ಆಗುತ್ತೋ ಅಷ್ಟೇ.

ಕಾಲಿಗೆ 20 ಬಂತು. ಆ ದಿನ ಕಣ್ಣಿನ ವೈದ್ಯರು ರಜೆ. ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ "ಕಾಲಿಂದು ಇವತ್ತೇ ಮುಗಿಸಿಬಿಡೋಣ, ಕಣ್ಣಿಂದು ಆಮೇಲೆ ನೋಡೋಣ" ಅಂದರು. ನನ್ನ ಪ್ರಕಾರ ಇಡೀ ಪ್ರಕರಣದ ಅಳಿವು ಉಳಿವು ನಿಂತಿದ್ದದ್ದು ಈ ಮಾತಿಗೆ ಕೊಡುವ ಉತ್ತರದ ಮೇಲೆ. ಹೂಂ ಅಂದಿದ್ದರೆ ಕೈಗೆ ಬರುತ್ತಿದ್ದದ್ದು ಶೇ 20ರ ಬಿಳಿ ಕಾರ್ಡು. ಅದನ್ನು ಮತ್ತೆ ತೆರೆಸಿ ಬಹುವೈಕಲ್ಯ ಅಂತ ಮಾಡಿಸುವುದು ಇನ್ನೊಂದು ಅಲೆದಾಟ. ಟೈಲರಣ್ಣ "ಎರಡೂ ಒಟ್ಟಿಗೇ ಆಗಲಿ ಸಾರ್, ನಾನು ಇನ್ನೊಂದು ದಿನ ಬರ್ತೀನಿ" ಅಂದರು. ಬಂದರು. ಕಣ್ಣಿನ ವೈದ್ಯರು ಚಾರ್ಟು ಓದಿಸಿ 30 ಬರೆದರು. (ದೃಷ್ಟಿ ಕಡಿಮೆ ಇರುವವರಿಗೆ ಕನ್ನಡಕ ಹಾಕಿಸಿಯೇ ಅಳೆಯುತ್ತಾರೆ. ಕನ್ನಡಕದಲ್ಲಿ ಸರಿಯಾಗುವ ದೋಷ ವೈಕಲ್ಯವಲ್ಲ.) ಸೂತ್ರ ಹಾಕಿ ಬಹುವೈಕಲ್ಯ ಶೇ 43 ಅಂತ ಪ್ರಮಾಣಪತ್ರವಾಯಿತು.

ಈ ಪ್ರಮಾಣಪತ್ರದಲ್ಲಿ ಶೇಕಡಾ ಬಿಟ್ಟರೆ ನೋಡಲೇಬೇಕಾದ ಸಾಲು ಇನ್ನೊಂದಿದೆ: ಮರುಪರೀಕ್ಷೆ ಬೇಕಿಲ್ಲ, ಅಥವಾ ಇಷ್ಟು ವರ್ಷದ ಮೇಲೆ ಬೇಕು. ಇವರಿಗೆ ಬೇಕಿಲ್ಲ ಅಂತ ಬಂತು. ಅವಧಿ ಹಾಕಿ ಕೊಟ್ಟಿದ್ದರೆ ಆ ತಾರೀಕಿಗೆ ಮೊದಲೇ ಮತ್ತೆ ಹೋಗಬೇಕು, ಇಲ್ಲದಿದ್ದರೆ ಬರುತ್ತಿದ್ದ ಸೌಲಭ್ಯಕ್ಕೂ ತೊಂದರೆ. ಹೊಸ ನಿಯಮದಲ್ಲಿ ಪ್ರಮಾಣಪತ್ರಕ್ಕೆ ಮೂರು ತಿಂಗಳ ಗಡುವಿದೆ, ಮೊದಲು ಒಂದು ತಿಂಗಳಿತ್ತು. ಇವರದು ಗಡುವಿನೊಳಗೇ ಆಯಿತು. ಕಾರ್ಡು ಅಂಚೆಯಲ್ಲಿ ಬರೋಕೆ ತಡವಾದರೂ ಪೋರ್ಟಲ್‌ನಿಂದ ಇಳಿಸಿಕೊಂಡ ಪ್ರತಿ ಕೆಲಸಕ್ಕೆ ಬಂತು.

ನಡುವೆ ಒಬ್ಬ ಏಜೆಂಟ್ "ದುಡ್ಡು ಕೊಟ್ರೆ 75 ಮಾಡಿಸ್ತೀನಿ" ಅಂತ ಬೆನ್ನು ಬಿದ್ದಿದ್ದ. ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಮೋಸದಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ಏಜೆಂಟ್ ಅಲ್ಲ, ಕಾರ್ಡಿನಲ್ಲಿ ಫೋಟೋ ಇರುವವರು.

ಆದಾಯದ ಗಂಟು

ಕಾರ್ಡು ಬಂದ ಕೂಡಲೇ ಪಿಂಚಣಿ ಬಂತು ಅಂದುಕೊಳ್ಳುವವರು ಬಹಳ. ಕಾರ್ಡು ಕೊಡುವುದು ಆರೋಗ್ಯದ ಕಡೆಯವರು. ಪಿಂಚಣಿ ಕಂದಾಯ ಇಲಾಖೆಯದು. ಅಲ್ಲಿ ಬೇರೆಯೇ ಅರ್ಜಿ, ಬೇರೆಯೇ ಷರತ್ತು. ಕುಟುಂಬದ ವಾರ್ಷಿಕ ಆದಾಯ ₹32,000 ಮೀರಬಾರದು. ತಿಂಗಳಿಗೆ ₹2,666. ಇದನ್ನು ಬರೆಯುವಾಗಲೇ ನನಗೆ ಒಂಥರಾ ಆಗುತ್ತದೆ. ಕೂಲಿಗೆ ಹೋಗುವ ಮನೆಯೂ ಈ ಗೆರೆ ದಾಟುತ್ತದೆ.

ಟೈಲರಣ್ಣನ ಮನೆಯಲ್ಲಿ ಮಗಳ ಸ್ಕಾಲರ್‌ಶಿಪ್‌ಗೆ ಮಾಡಿಸಿದ ಆದಾಯ ಪ್ರಮಾಣಪತ್ರ ಮೊದಲೇ ಇತ್ತು. ಕಾಲು ಮುರಿಯುವ ಮುಂಚಿನದು, ₹48,000. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಬೆಲೆ, ಹಾಗಾಗಿ ಅದು ಇನ್ನೂ ಚಾಲ್ತಿಯಲ್ಲಿತ್ತು. ಅದನ್ನೇ ಹಾಕಿದ್ದರೆ ಅರ್ಜಿ ಅಲ್ಲೇ ಬೀಳುತ್ತಿತ್ತು. ಆದರೆ ಆ ಆದಾಯ ಈಗ ಇಲ್ಲ. ಅಂಗಡಿ ತಿಂಗಳುಗಟ್ಟಲೆ ಮುಚ್ಚಿತ್ತು. ತೆರೆದ ಮೇಲೂ ಹೊಸ ಬಟ್ಟೆ ಹೊಲಿಯುವುದು ನಿಂತು, ಸೀರೆಗೆ ಫಾಲ್ ಹಚ್ಚೋದು, ಪ್ಯಾಂಟಿನ ಉದ್ದ ಕಡಿಮೆ ಮಾಡೋದು, ಕಾಜಾ ಬಟನ್, ಇಷ್ಟೇ ಉಳಿದಿತ್ತು. ಜಮೀನಿಲ್ಲ. ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಹೆಂಡತಿ ಕೂಲಿ ಬಿಟ್ಟಿದ್ದರು.

ನಾಡಕಚೇರಿಯಲ್ಲಿ "ಹಳೆಯದು ಇದೆಯಲ್ಲ, ಮತ್ತೆ ಯಾಕೆ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಬಾಯಲ್ಲಿ ಹೇಳದೆ ಒಂದು ಪುಟದ ಮನವಿಯಲ್ಲಿ ಬರೆದುಕೊಟ್ಟರು: ಅಪಘಾತದ ತಾರೀಕು, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಯುಡಿಐಡಿ, ಈಗಿನ ಕೆಲಸ ಏನು, ದಿನಕ್ಕೆ ಎಷ್ಟು. ಗ್ರಾಮ ಆಡಳಿತ ಅಧಿಕಾರಿ ಅಂಗಡಿಗೇ ಬಂದರು. ಹೊಸ ಬಟ್ಟೆಯ ಆರ್ಡರ್ ಪುಸ್ತಕ ತೆರೆದು ನೋಡಿದರು. ಕೊನೆಯ ಬರಹ ಅಪಘಾತದ ಹಿಂದಿನ ವಾರದ್ದು. ಅಕ್ಕಪಕ್ಕದ ಅಂಗಡಿಯವರನ್ನು ಕೇಳಿ ವರದಿ ಬರೆದರು. ಹೊಸ ಪ್ರಮಾಣಪತ್ರ ₹30,000ಕ್ಕೆ ಬಂತು. ಆದಾಯ ಕಡಿಮೆ ಬರೆಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಕಡಿಮೆಯಾಗಿದ್ದರೆ ಹಳೆಯ ಕಾಗದಕ್ಕೆ ಕಟ್ಟುಬೀಳಬೇಡಿ, ಅಷ್ಟೆ.

ಪಿಂಚಣಿ ಅರ್ಜಿಯೂ ಅದೇ ನಾಡಕಚೇರಿಯಲ್ಲಿ. ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಬೇಕು. 2011ರ ಸಕಾಲ ಕಾಯ್ದೆಯಂತೆ ಗಡುವು ಮೀರಿದರೆ ದಿನಕ್ಕೆ ₹20ರಂತೆ ಗರಿಷ್ಠ ₹500ವರೆಗೆ ಪರಿಹಾರ ಕೇಳಬಹುದು. ಆ ದುಡ್ಡು ದೊಡ್ಡದಲ್ಲ. ಆದರೆ ಸಂಖ್ಯೆ ಇದ್ದರೆ ಫೈಲು ಕಳೆದುಹೋಗುವುದಿಲ್ಲ. ವಿಧವಾ ವೇತನ, ಸಂಧ್ಯಾ ಸುರಕ್ಷಾ ಬರುತ್ತಿದ್ದವರಿಗೆ ಇದೂ ಸೇರಿ ಎರಡು ಸಿಗುವುದಿಲ್ಲ, ಒಂದೇ.

ಮಂಜೂರಾತಿ ಆದೇಶ ಬಂತು. ತಿಂಗಳಿಗೆ ₹800. 2021ರ ಜುಲೈನಲ್ಲಿ 600ರಿಂದ 800ಕ್ಕೆ ಏರಿಸಿದ ಮೊತ್ತ ಇದು. ಶೇ 75ಕ್ಕಿಂತ ಜಾಸ್ತಿ ಇದ್ದವರಿಗೆ ₹1,400.

ಆದೇಶ ಬಂದರೂ ದುಡ್ಡು ಬರಲಿಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಸೊನ್ನೆ. "ಆಧಾರ್ ಲಿಂಕ್ ಆಗಿದೆಯಲ್ಲ" ಅಂತ ಬ್ಯಾಂಕಿನವರು. ಇಲ್ಲಿ ಎರಡು ಬೇರೆ ಸಂಗತಿ ಇವೆ. ಆಧಾರ್ ಎಷ್ಟು ಖಾತೆಗೆ ಬೇಕಾದರೂ ಲಿಂಕ್ ಆಗಿರಬಹುದು. ಸರ್ಕಾರದ ದುಡ್ಡು ಹೋಗುವುದು ಎನ್‌ಪಿಸಿಐ ಮ್ಯಾಪಿಂಗ್ ಆಗಿರುವ, ಅಂದರೆ ಆಧಾರ್ ಮೂಲಕ ಬರುವ ದುಡ್ಡಿಗೆ ಅಂತ ಗುರುತಾಗಿರುವ, ಒಂದೇ ಖಾತೆಗೆ. ಇವರದು ಎಂದೋ ಗ್ಯಾಸ್ ಸಬ್ಸಿಡಿಗೆ ತೆರೆದು ಮರೆತಿದ್ದ ಬೇರೆ ಬ್ಯಾಂಕಿನ ಖಾತೆಗೆ ಮ್ಯಾಪ್ ಆಗಿತ್ತು. ಅಲ್ಲಿ ಹೋಗಿ ನೋಡಿದರೆ ಹಣ ಬಂದು ಕೂತಿತ್ತು. ಕಳೆದಿರಲಿಲ್ಲ, ಪುಣ್ಯ.

ಹಳದಿ ಕಾರ್ಡು ಎಲ್ಲಿ ನಡೆಯಿತು, ಎಲ್ಲಿ ಇಲ್ಲ

ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸಿಗೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರು. ವರ್ಷಕ್ಕೆ ₹660, ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ಪಾಸು ಕ್ಯಾಲೆಂಡರ್ ವರ್ಷಕ್ಕೆ, ಹಾಗಾಗಿ ವರ್ಷದ ಕೊನೆಯಲ್ಲಿ ಮಾಡಿಸಿದರೆ ನಷ್ಟ. ಬಟ್ಟೆ, ದಾರ ತರಲು ಜಿಲ್ಲಾ ಕೇಂದ್ರಕ್ಕೆ ಹೋಗುವವರಿಗೆ ಇದು ಪಿಂಚಣಿಯಷ್ಟೇ ಬೆಲೆಯುಳ್ಳದ್ದು. ಹೆಂಡತಿಗೆ ಶಕ್ತಿ ಯೋಜನೆ ಇದೆ, ಇಷ್ಟು ದಿನ ಟಿಕೆಟ್ ತೆಗೆಸುತ್ತಿದ್ದದ್ದು ಇವರೊಬ್ಬರೇ.

ರೈಲಿನಲ್ಲಿ ನಡೆಯಲಿಲ್ಲ. ಅಲ್ಲಿ ಶೇ 40 ಸಾಲದು. ಪೂರ್ತಿ ದೃಷ್ಟಿ ಇಲ್ಲದಿರಬೇಕು, ಇಲ್ಲವೇ ಜೊತೆಗಾರರಿಲ್ಲದೆ ಪ್ರಯಾಣ ಮಾಡಲು ಆಗದಂಥ ಚಲನ ವೈಕಲ್ಯ ಇರಬೇಕು, ಹೀಗೆ ಅದರದೇ ಷರತ್ತು. ಕೇಂದ್ರದ ಇಂದಿರಾ ಗಾಂಧಿ ಹೆಸರಿನ ಅಂಗವಿಕಲರ ಪಿಂಚಣಿಗೆ ಶೇ 80 ಬೇಕು, ಅದೂ ಬಿಪಿಎಲ್ ಕುಟುಂಬಕ್ಕೆ. ಆ ಮಾತೇ ಬರಲಿಲ್ಲ.

ಅಪಘಾತ ಪರಿಹಾರದ ಬಗ್ಗೆ ಕೇಳಿದರು. ತಾವೇ ಜಾರಿ ಬಿದ್ದದ್ದರಿಂದ ಎದುರು ವಾಹನದ ವಿಮೆ ಇಲ್ಲ. ಆದರೆ ಅಂಥ ಕೇಸು ಇರುವವರು ಒಂದು ವಿಷಯ ತಿಳಿದಿರಬೇಕು. ಪರಿಹಾರದ ಕೋರ್ಟು ಯುಡಿಐಡಿಯ ಶೇಕಡಾವನ್ನೇ ಕಣ್ಣು ಮುಚ್ಚಿ ತೆಗೆದುಕೊಳ್ಳುವುದಿಲ್ಲ. ಆ ವೈಕಲ್ಯದಿಂದ ಇವರ ಕಸುಬಿನ ಗಳಿಕೆ ಎಷ್ಟು ಹೋಯಿತು ಅಂತ ಬೇರೆಯಾಗಿ ನೋಡಬೇಕು. ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಟೈಲರಿನ ಕಾಲು ಟೈಲರಿನ ಕಾಲಾಗಿ ಲೆಕ್ಕಕ್ಕೆ ಬರುವುದು ಅಲ್ಲಿ ಮಾತ್ರ.

ಈಗ ಎರಡು ಅರ್ಜಿ ಬಾಕಿ ಇವೆ. ಒಂದು, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಯಂತ್ರಚಾಲಿತ ಹೊಲಿಗೆ ಮಿಷನ್‌ಗೆ. ಆಯ್ಕೆ ಪಟ್ಟಿ ಬಂದಿಲ್ಲ. ಇನ್ನೊಂದು, ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆ ತೆಗೆದಿಡಬೇಕಾದ ಶೇ 5ರ ಹಣದಲ್ಲಿ ಹಳೆಯ ಮಿಷನ್‌ಗೇ ಮೋಟಾರ್ ಹಾಕಿಸಿಕೊಡಿ ಅಂತ. ಮುಂದಿನ ಸಭೆಯ ವಿಷಯಪಟ್ಟಿಗೆ ಅದನ್ನು ಸೇರಿಸಿರುವುದಾಗಿ ಪಿಡಿಒ ಹೇಳಿದ್ದಾರೆ. ಟೈಲರಣ್ಣ ಅದನ್ನೂ ಬರವಣಿಗೆಯಲ್ಲೇ ಕೇಳಿದ್ದಾರೆ.